ಗುಳ್ಳೆ ಇರುವ ಯಂತ್ರವೇ ಬೇಕು ಎಂದು ಹಟ ಹಿಡಿದೆ

ತುಮಕೂರು ಕಡೆಯ ಒಂದು ಚಿಕ್ಕ ಖಾಸಗಿ ಲ್ಯಾಬ್‌ನಲ್ಲಿ ನಾನು ನೀರು ಪರೀಕ್ಷೆ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯಿಂದ ಬೋರ್‌ವೆಲ್ ನೀರು ಬರುತ್ತದೆ. ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ನೀರು ಬರುತ್ತದೆ. ವಾರಕ್ಕೆ ಒಂದೆರಡು ಸಲ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಘಟಕಗಳ ನೀರಿನ ಕ್ಯಾನ್ ಕೂಡ ಬರುತ್ತದೆ. ಹೋದ ವರ್ಷ ನಾವು ಕೈಕೆಲಸ ಬಿಟ್ಟು ಆಟೋಮ್ಯಾಟಿಕ್ ಯಂತ್ರ ತಗೊಂಡೆವು. ಯಾವುದನ್ನು ತಗೊಳ್ಳಬೇಕು ಎಂಬ ತೀರ್ಮಾನಕ್ಕೆ ಐದು ತಿಂಗಳು ಹಿಡಿಯಿತು. ಇದೇ ತಲೆನೋವಿನಲ್ಲಿ ಇರುವವರು ಬೇರೆಯವರೂ ಇರುತ್ತಾರೆ, ಅವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನೈಟ್ರೇಟ್ ಪರೀಕ್ಷೆ ಅಂದರೆ ನಮಗೆ ಪಿಂಗಾಣಿ ಬಟ್ಟಲು. ನೀರಿಗೆ ಸಿಲ್ವರ್ ಸಲ್ಫೇಟ್ ಹಾಕಿ ಕ್ಲೋರೈಡ್ ತೆಗೆದು, ಸೋಸಿ, ಬಟ್ಟಲಿಗೆ ಹಾಕಿ, ವಾಟರ್ ಬಾತ್ ಮೇಲೆ ಪೂರ್ತಿ ಒಣಗಿಸಿ, ತಳದಲ್ಲಿ ಉಳಿದ ಬಿಳಿ ಕರೆಗೆ ಫಿನಾಲ್ ಡೈಸಲ್ಫಾನಿಕ್ ಆಸಿಡ್ ಹಾಕಿ ಗಾಜಿನ ಕಡ್ಡಿಯಲ್ಲಿ ತಿಕ್ಕಿ, ಆಮೇಲೆ ಅಮೋನಿಯ ಸುರಿದರೆ ಹಳದಿ ಬಣ್ಣ ಬರುತ್ತದೆ. ಅದನ್ನು 410 ನ್ಯಾನೋಮೀಟರ್‌ನಲ್ಲಿ ಓದಬೇಕು. ಒಂದು ಬಾತ್‌ಗೆ 12 ಬಟ್ಟಲು. ಸಂಜೆ ಆರಕ್ಕೂ ಕಣ್ಣು ಉರಿಯುತ್ತಿತ್ತು.

ಆ ವಿಧಾನ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಅಂಗನವಾಡಿ ಬೋರ್‌ವೆಲ್ ನೀರಿಗೆ ನಾವು 36 ಎಂದು ರಿಪೋರ್ಟ್ ಕೊಟ್ಟೆವು. ಮಿತಿ 45 ಮಿ.ಗ್ರಾಂ/ಲೀ, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಇದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಹಾಗಾಗಿ ನೀರು ಪಾಸ್. ಎರಡು ವಾರ ಆದಮೇಲೆ ಅದೇ ಸ್ಯಾಂಪಲ್‌ನ ಕ್ಲೋರೈಡ್ ಲೆಕ್ಕ ನೋಡುವಾಗ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಕ್ಲೋರೈಡ್ 600ರ ಮೇಲಿತ್ತು. ನಾವು ಹಾಕಿದ ಸಿಲ್ವರ್ ಸಲ್ಫೇಟ್ ಅಷ್ಟಕ್ಕೆ ಸಾಲುತ್ತಿರಲಿಲ್ಲ. ಕ್ಲೋರೈಡ್ ಉಳಿದರೆ ಒಣಗಿಸಿ ಆಸಿಡ್ ಹಾಕುವಾಗ ನೈಟ್ರೇಟ್ ಸ್ವಲ್ಪ ಕಳೆದುಹೋಗಿ ಅಂಕಿ ಕಡಿಮೆ ಬರುತ್ತದೆ. ಹೊಸದಾಗಿ ನೀರು ತರಿಸಿ ಸರಿಯಾಗಿ ಮಾಡಿದಾಗ 53 ಬಂತು. ಪಂಚಾಯಿತಿಗೆ ನಾನೇ ಫೋನ್ ಮಾಡಿ ಹೇಳಿದೆ. ಆರು ತಿಂಗಳೊಳಗಿನ ಮಗುವಿಗೆ ಇಂಥ ನೀರಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾಗಿ ಮೈ ನೀಲಿಗಟ್ಟಬಹುದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನನ್ನು ಕಾಡಿದ್ದು ಇಷ್ಟೇ: ಬಟ್ಟಲಿನ ಹಳದಿ ಬಣ್ಣ ನೋಡಲು ಚೆನ್ನಾಗಿಯೇ ಇತ್ತು. ತಪ್ಪು ಆಗಿದೆ ಎಂದು ಎಲ್ಲೂ ಕಾಣಲಿಲ್ಲ.

ನಮ್ಮ ಲ್ಯಾಬ್ ನಡೆಸುವ ಸರ್ ಒಳ್ಳೆಯವರು. "ಯಂತ್ರ ತಗೊಳ್ಳೋಣ, ನೀವೇ ನೋಡಿ ಹೇಳಿ" ಅಂದರು. ಮೂರು ಕಡೆಯಿಂದ ಕೊಟೇಶನ್ ಬಂತು, ಮೂರೂ ಬೇರೆ ಬೇರೆ ಜಾತಿಯ ಯಂತ್ರ.

ಮೊದಲನೆಯದು ಗುಳ್ಳೆ ಇರುವ ಫ್ಲೋ. ಸೆಗ್ಮೆಂಟೆಡ್ ಫ್ಲೋ ಅನ್ನುತ್ತಾರೆ. ಸ್ಯಾಂಪಲ್ ಮತ್ತು ರೀಏಜೆಂಟ್ (ಬಣ್ಣ ಬರಿಸುವ ರಾಸಾಯನಿಕ) ಒಂದೇ ಸಣ್ಣ ಕೊಳವೆಯಲ್ಲಿ ಹರಿಯುತ್ತಿರುತ್ತವೆ, ನಡುನಡುವೆ ಒಂದೇ ಅಳತೆಯ ಗಾಳಿ ಗುಳ್ಳೆ ಬಿಡುತ್ತಾರೆ. ಗುಳ್ಳೆ ಬಾಗಿಲಿನ ಹಾಗೆ. ಹಿಂದಿನ ನೀರು ಮುಂದಿನದಕ್ಕೆ ಬೆರೆಯದಂತೆ ತಡೆಯುತ್ತದೆ, ಒಂದೊಂದು ತುಂಡಿನ ಒಳಗಡೆ ಚೆನ್ನಾಗಿ ಕಲೆಸುತ್ತದೆ. ಬಣ್ಣ ಪೂರ್ತಿ ಬರುವ ತನಕ ಕಾದು ಓದುವುದರಿಂದ ಪೀಕ್‌ನ, ಅಂದರೆ ಬಣ್ಣ ಹೆಚ್ಚಿದಂತೆ ಪರದೆಯಲ್ಲಿ ಏಳುವ ಗೆರೆಯ, ತಲೆ ಚಪ್ಪಟೆಯಾಗಿ ಕಾಣುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಲಿಯೊನಾರ್ಡ್ ಸ್ಕೆಗ್ಸ್ ಎಂಬುವರು ಆಸ್ಪತ್ರೆಯ ರಕ್ತ ಪರೀಕ್ಷೆಯ ರಾಶಿ ಕೆಲಸ ತಗ್ಗಿಸಲು ಇದನ್ನು ಮಾಡಿದರು, 1957ರಲ್ಲಿ ಪ್ರಕಟಿಸಿದರು. ರಕ್ತಕ್ಕೆ ಮಾಡಿದ್ದು ಆಮೇಲೆ ನೀರಿಗೂ ಬಂತು.

ಎರಡನೆಯದು ಫ್ಲೋ ಇಂಜೆಕ್ಷನ್, ನಾವು ಎಫ್‌ಐಎ ಅನ್ನುತ್ತೇವೆ. ಇದರಲ್ಲಿ ಗುಳ್ಳೆಯೇ ಇಲ್ಲ. ಹರಿಯುವ ದ್ರವಕ್ಕೆ ಒಂದು ವಾಲ್ವ್ ಮೂಲಕ ನಿಖರವಾಗಿ ಅಷ್ಟೇ ಅಷ್ಟು ಸ್ಯಾಂಪಲ್, ನೂರಿನ್ನೂರು ಮೈಕ್ರೋಲೀಟರ್, ತಳ್ಳುತ್ತಾರೆ. ಬಣ್ಣ ಪೂರ್ತಿ ಬರುವವರೆಗೂ ಕಾಯುವುದಿಲ್ಲ. ಪ್ರತಿ ಸ್ಯಾಂಪಲ್‌ಗೂ ಅದೇ ವೇಗ, ಅದೇ ದೂರ, ಅದೇ ಸಮಯ ಇದ್ದರೆ ಅರ್ಧ ಬಂದ ಬಣ್ಣವನ್ನೂ ಹೋಲಿಸಬಹುದು ಅನ್ನುವುದು ಲೆಕ್ಕ. 1975ರಲ್ಲಿ ಡೆನ್ಮಾರ್ಕ್‌ನಲ್ಲಿ ರುಜಿಚ್ಕಾ ಮತ್ತು ಹಾನ್ಸನ್ ಇದನ್ನು ತೋರಿಸಿದರು. ಎಷ್ಟು ಚೆಂದದ ಯೋಚನೆ ಅಲ್ವಾ? ಓದಿದಾಗ ನಾನು ಮನಸೋತಿದ್ದೆ.

ಮೂರನೆಯದು ಡಿಸ್ಕ್ರೀಟ್ ಅನಲೈಜರ್. ಇದು ನಿಜವಾಗಿ ಫ್ಲೋ ಅಲ್ಲ. ಒಂದು ರೋಬೋ ಕೈ ಕ್ಯುವೆಟ್ ಎಂಬ ಚಿಕ್ಕ ಚಿಕ್ಕ ಪಾರದರ್ಶಕ ಡಬ್ಬಿಗಳಿಗೆ ಹನಿ ಹನಿ ಸ್ಯಾಂಪಲ್, ಹನಿ ಹನಿ ರೀಏಜೆಂಟ್ ಹಾಕಿ ಓದುತ್ತದೆ. ಒಂದು ಸ್ಯಾಂಪಲ್‌ಗೆ ನೈಟ್ರೇಟ್, ಇನ್ನೊಂದಕ್ಕೆ ಅಮೋನಿಯ, ಮತ್ತೊಂದಕ್ಕೆ ಎರಡೂ, ಹೇಗೆ ಬೇಕಾದರೂ ಹೇಳಬಹುದು. ರೀಏಜೆಂಟ್ ಬಹಳ ಕಡಿಮೆ ಸಾಕು.

ಬ್ರೋಷರ್‌ನಲ್ಲಿ ಮೂರನೆಯದಕ್ಕೆ "ಗಂಟೆಗೆ 200 ಪರೀಕ್ಷೆ" ಎಂದಿತ್ತು. ಸರ್‌ಗೆ ಅದೇ ಹಿಡಿಸಿತ್ತು. ನನಗೂ ಮೊದಲ ದಿನ ಅದೇ ಅನಿಸಿತ್ತು. ಆದರೆ 200 ಪರೀಕ್ಷೆ ಅಂದರೆ 200 ಸ್ಯಾಂಪಲ್ ಅಲ್ಲ. ಮೂರು ಅಂಶ ನೋಡಿದರೆ 60 ಸ್ಯಾಂಪಲ್‌ಗೇ 180 ಆಗುತ್ತದೆ. ಅದರ ಮೇಲೆ ಅಂಕಿ ಸರಿಯಿದೆಯೇ ಎಂದು ನೋಡುವ ಕಪ್‌ಗಳು: ಬ್ಲ್ಯಾಂಕ್ (ಶುದ್ಧ ನೀರು), ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ), ಹತ್ತು ಸ್ಯಾಂಪಲ್‌ಗೊಂದು ಚೆಕ್ ಸ್ಟ್ಯಾಂಡರ್ಡ್, ಡೂಪ್ಲಿಕೇಟ್, ಸ್ಪೈಕ್ (ಗೊತ್ತಿರುವಷ್ಟು ಸೇರಿಸಿದ ಸ್ಯಾಂಪಲ್). ನಮ್ಮ ಕ್ರಮದಲ್ಲಿ ಕೂತು ಎಣಿಸಿದರೆ 60 ಸ್ಯಾಂಪಲ್ ಅಂದರೆ 84 ಕಪ್. ಬ್ರೋಷರ್ ಇದನ್ನೆಲ್ಲ ಹೇಳುವುದಿಲ್ಲ, ನಾವೇ ಎಣಿಸಬೇಕು.

ಹಾಗಾಗಿ ಮೊದಲು ನಮ್ಮ ರಿಜಿಸ್ಟರ್ ತೆಗೆದೆ. ಆರು ತಿಂಗಳ ಪುಟ ಒಂದೊಂದಾಗಿ ತಿರುವಿ, ಯಾವ ದಿನ ಎಷ್ಟು ಸ್ಯಾಂಪಲ್, ಯಾವುದಕ್ಕೆ ಯಾವ ಅಂಶ ಎಂದು ಬರೆದುಕೊಂಡೆ. ಎರಡು ಭಾನುವಾರ ಹೋಯಿತು. ಬಂದಿದ್ದರಲ್ಲಿ ಮುಕ್ಕಾಲು ಪಾಲು ಬೋರ್‌ವೆಲ್ ನೀರು, ಹೆಚ್ಚು ಕಡಿಮೆ ಎಲ್ಲದಕ್ಕೂ ನೈಟ್ರೇಟ್. ಮಳೆಗಾಲಕ್ಕೆ ಮುಂಚೆ ಒಂದು ರಾಶಿ, ಆಮೇಲೆ ಒಂದು ರಾಶಿ. ಎಸ್‌ಟಿಪಿ ಸ್ಯಾಂಪಲ್‌ಗೆ ಅಮೋನಿಯ. ಸಯನೈಡ್ ವಾರಕ್ಕೆ ನಾಲ್ಕೈದು. ಫಾಸ್ಫೇಟ್ ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ. ಫ್ಲೋರೈಡ್ ನಮ್ಮ ಕಡೆ ದೊಡ್ಡ ವಿಷಯ, ಆದರೆ ಅದನ್ನು ಎಲೆಕ್ಟ್ರೋಡ್‌ನಲ್ಲೇ ಚೆನ್ನಾಗಿ ಮಾಡುತ್ತೇವೆ, ಯಂತ್ರದ ಲೆಕ್ಕಕ್ಕೆ ಸೇರಿಸಲಿಲ್ಲ. ಈ ಪಟ್ಟಿ ಮುಂದೆ ಇಟ್ಟುಕೊಂಡ ಮೇಲೆ ಮಾತು ಸುಲಭವಾಯಿತು. ಒಂದೇ ಅಂಶ ಒಂದೇ ರಾಶಿಯಲ್ಲಿ ಬರುವ ಲ್ಯಾಬ್ ನಮ್ಮದು. ದಿನಕ್ಕೆ ಹತ್ತು ಸ್ಯಾಂಪಲ್, ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ ಬರುವ ಕಡೆಯಾದರೆ ನಾನು ಕಣ್ಣುಮುಚ್ಚಿ ಡಿಸ್ಕ್ರೀಟ್ ತಗೊಳ್ಳಿ ಎನ್ನುತ್ತಿದ್ದೆ.

ಮಾನಕದಿಂದ ತೀರ್ಮಾನ ಆಗುತ್ತದೆ ಎಂದು ಕೆಲವರು ಹೇಳಿದರು. ಆಗಲಿಲ್ಲ. ನೈಟ್ರೇಟ್‌ನ ಅಂತರರಾಷ್ಟ್ರೀಯ ಮಾನಕ ಐಎಸ್ಒ 13395 ಗುಳ್ಳೆ ಇರುವುದಕ್ಕೂ ಇಲ್ಲದ್ದಕ್ಕೂ ಎರಡಕ್ಕೂ ಅನ್ವಯ. ಡಿಸ್ಕ್ರೀಟ್‌ಗೆ ಐಎಸ್ಒ 15923 ಇದೆ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನವರು ಬಂದಾಗ ಕೇಳುವುದು ನಿಮ್ಮ ಕೈಯಲ್ಲಿ, ನಿಮ್ಮ ನೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದ್ದೀರಾ ಅಂತ.

ಅದಕ್ಕೇ ಮೂರೂ ಕಡೆಗೆ ಒಂದೇ ಮಾತು ಹೇಳಿದೆ: ಡೆಮೊ ನಮ್ಮ ನೀರಲ್ಲೇ ಆಗಬೇಕು. ಅವರು ತರುವ ಶುದ್ಧ ಸ್ಟ್ಯಾಂಡರ್ಡ್‌ನಲ್ಲಿ ಯಾವ ಯಂತ್ರವಾದರೂ ಚೆನ್ನಾಗಿಯೇ ಕಾಣುತ್ತದೆ. ಐದು ಕ್ಯಾನ್ ತುಂಬಿದೆ. ಒಂದು ಸಾಧಾರಣ ಬೋರ್‌ವೆಲ್. ಒಂದು ಗಡಸುತನ 900 ಇರುವ ಬೋರ್‌ವೆಲ್. ಒಂದು ಟಿಡಿಎಸ್ (ಕರಗಿದ ಲವಣಗಳ ಮೊತ್ತ) 3,000 ದಾಟಿದ ಉಪ್ಪು ನೀರು. ಒಂದು ಕೆರೆಯ ಕೆಸರು ನೀರು. ಒಂದು ಎಸ್‌ಟಿಪಿ. ಪ್ರತಿಯೊಂದಕ್ಕೂ ಗೊತ್ತಿರುವಷ್ಟು ನೈಟ್ರೇಟ್ ಸೇರಿಸಿದ ಜೋಡಿ ಬಾಟಲಿ. ಹಾಕಿದ್ದರಲ್ಲಿ ಎಷ್ಟು ವಾಪಸ್ ಬರುತ್ತದೆ ನೋಡುವುದು, ಅಷ್ಟೇ.

ಡಿಸ್ಕ್ರೀಟ್ ಯಂತ್ರ ಬೆಳಿಗ್ಗೆ ಹತ್ತಕ್ಕೆ ಆನ್ ಮಾಡಿದರೆ ಹತ್ತೂಕಾಲಿಗೆ ಕೆಲಸ ಶುರು. ಅದು ನನಗೆ ನಿಜವಾಗಿಯೂ ಇಷ್ಟವಾಯಿತು. ಆದರೆ ಈ ಯಂತ್ರಗಳಲ್ಲಿ ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿ, ಆಮೇಲೆ ಗುಲಾಬಿ ಬಣ್ಣ ಬರಿಸಿ ಓದುತ್ತಾರೆ. ಆ ಕೆಲಸಕ್ಕೆ ಕ್ಯಾಡ್ಮಿಯಂ ಲೋಹ ತುಂಬಿದ ಕೊಳವೆ, ಅಂದರೆ ಕ್ಯಾಡ್ಮಿಯಂ ಕಾಲಂ, ಇದರಲ್ಲಿ ಇರಲಿಲ್ಲ. ಬದಲಿಗೆ ಹೈಡ್ರಜೀನ್ ಎಂಬ ರಾಸಾಯನಿಕ ಬಳಸುತ್ತಿದ್ದರು. ಸಾಧಾರಣ ನೀರಿನಲ್ಲಿ 98 ಪರ್ಸೆಂಟ್ ವಾಪಸ್ ಬಂತು. ಗಡಸು ನೀರಿನಲ್ಲಿ 81. ಎರಡು ಸಲ ಮಾಡಿಸಿದೆ, ಅಷ್ಟೇ. ಹೈಡ್ರಜೀನ್ ಕ್ರಿಯೆ ಕ್ಷಾರದಲ್ಲಿ ನಡೆಯುತ್ತದೆ, ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಅಡ್ಡ ಬರುತ್ತವೆ. ನಮ್ಮ ತಾಲೂಕುಗಳ ನೀರಲ್ಲಿ ಇರುವುದೇ ಅವೆರಡು. ಹೈಡ್ರಜೀನ್ ಬದಲು ಕಿಣ್ವ ಬಳಸಬಹುದು ಎಂದು ಬಂದವರು ಪ್ರಾಮಾಣಿಕವಾಗಿಯೇ ಹೇಳಿದರು. ಕಿಣ್ವ ತಣ್ಣಗಿರಬೇಕು, ಬೆಲೆ ಬೇರೆ, ಮತ್ತು ಕೊರಿಯರ್‌ನಲ್ಲಿ ಏಪ್ರಿಲ್ ಬಿಸಿಲಿಗೆ ಪಾರ್ಸೆಲ್ ಹೇಗೆ ಬರುತ್ತದೆ ಎಂದು ನಮಗೆ ಗೊತ್ತಿದೆ.

ಎಫ್‌ಐಎ ಡೆಮೊ ದಿನ ನಾನು ಬಹುತೇಕ ಒಪ್ಪಿಬಿಟ್ಟಿದ್ದೆ. ಕ್ಯಾಡ್ಮಿಯಂ ಕಾಲಂ ಇತ್ತು, ಗಡಸು ನೀರಿನಲ್ಲಿ 97 ಬಂತು. ಗಂಟೆಗೆ 80 ಕಪ್. ಬೇಸ್‌ಲೈನ್, ಅಂದರೆ ಸ್ಯಾಂಪಲ್ ಇಲ್ಲದಾಗಿನ ಗೆರೆ, ಹದಿನೈದು ನಿಮಿಷಕ್ಕೆ ಅಲುಗದೆ ನಿಂತಿತು. ಉಪ್ಪು ನೀರಿಗೆ ಬಂದಾಗ ಪೀಕ್‌ಗೆ ಮೊದಲು ಗೆರೆ ಕೆಳಗೆ ಕುಸಿದು ಆಮೇಲೆ ಮೇಲೆದ್ದಿತು. ಸ್ಯಾಂಪಲ್‌ನಲ್ಲಿ ಉಪ್ಪು ಜಾಸ್ತಿ, ಹರಿಯುವ ದ್ರವದಲ್ಲಿ ಕಡಿಮೆ, ಎರಡೂ ಸೇರುವ ಜಾಗದಲ್ಲಿ ಬೆಳಕು ಬಾಗುತ್ತದೆ. ಸಕ್ಕರೆ ಪಾಕ ನೀರಿಗೆ ಸುರಿದಾಗ ಕಾಣುವ ಎಳೆಗಳ ಹಾಗೆ. ಸ್ಯಾಂಪಲ್ ತೆಳು ಮಾಡಿದರೆ ಸರಿಹೋಗುತ್ತದೆ, ದೊಡ್ಡ ದೋಷ ಏನಲ್ಲ. ನನ್ನನ್ನು ನಿಲ್ಲಿಸಿದ್ದು ಮಧ್ಯಾಹ್ನ ಆಗಿದ್ದು. ಕೆರೆ ನೀರನ್ನು ಸೋಸಿಯೇ ಹಾಕಿದ್ದೆವು, ಆದರೂ ಅರ್ಧ ಮಿಲಿಮೀಟರ್ ಕೊಳವೆಯಲ್ಲಿ ಎಲ್ಲೋ ಏನೋ ಸಿಕ್ಕಿಕೊಂಡು ಹರಿವು ನಿಧಾನವಾಗಿತ್ತು. ಪೀಕ್‌ಗಳು ಬರುತ್ತಲೇ ಇದ್ದವು, ಆಕಾರ ಚೆನ್ನಾಗಿಯೇ ಇತ್ತು, ಎತ್ತರ ಮಾತ್ರ ಬದಲಾಗಿತ್ತು. ಹನ್ನೊಂದು ಕಪ್ ಆದಮೇಲೆ ಚೆಕ್ ಸ್ಟ್ಯಾಂಡರ್ಡ್ ಬಂದಾಗ ಗೊತ್ತಾಯಿತು. ಯಂತ್ರ ತಂದಿದ್ದ ಇಂಜಿನಿಯರ್ ಬಹಳ ನುರಿತವರು, ಐದು ನಿಮಿಷದಲ್ಲಿ ಸರಿ ಮಾಡಿದರು. ಆದರೆ ಅವರು ಇರುವುದು ಬೇರೆ ರಾಜ್ಯದಲ್ಲಿ.

ನನಗೆ ಆ ಹಳದಿ ಬಟ್ಟಲು ನೆನಪಾಯಿತು.

ಗುಳ್ಳೆ ಯಂತ್ರದ ಡೆಮೊ ನಿಧಾನವಾಗಿ ಶುರುವಾಯಿತು. ಬೇಸ್‌ಲೈನ್ ನಿಲ್ಲಲು ಮುಕ್ಕಾಲು ಗಂಟೆ. ಗಂಟೆಗೆ 40 ಕಪ್. ಸರ್ ಗಡಿಯಾರ ನೋಡುತ್ತಿದ್ದರು. ನಾನು ಗಾಜಿನ ಸುರುಳಿ ನೋಡುತ್ತಿದ್ದೆ. ಮುತ್ತು ಪೋಣಿಸಿದ ಸರದ ಹಾಗೆ ಗುಳ್ಳೆಗಳು ಒಂದರ ಹಿಂದೆ ಒಂದು, ಒಂದೇ ಉದ್ದ, ಒಂದೇ ಅಂತರ. ನಡುವಿನ ತುಂಡುಗಳು ಮೊದಲು ಬಣ್ಣವಿಲ್ಲದೆ, ಆಮೇಲೆ ತಿಳಿ ಗುಲಾಬಿ, ಕೊನೆಯ ಸುರುಳಿ ಮುಟ್ಟುವ ಹೊತ್ತಿಗೆ ಕಡು ಮಜಂತ. ಇಂಜಿನಿಯರ್‌ಗೆ ಕೇಳಿ ಒಂದು ಪಂಪ್ ಟ್ಯೂಬನ್ನು ಬೆರಳಲ್ಲಿ ಸ್ವಲ್ಪ ಒತ್ತಿದೆ. ತಕ್ಷಣ ಗುಳ್ಳೆಗಳ ಅಂತರ ಕೆಟ್ಟಿತು. ಒಂದು ಉದ್ದ, ಒಂದು ಗಿಡ್ಡ, ಎರಡು ಸೇರಿ ಒಂದಾದವು. ಬಿಟ್ಟೆ, ಅರ್ಧ ನಿಮಿಷದಲ್ಲಿ ಮತ್ತೆ ಸರಿಯಾಯಿತು. ಪೀಕ್ ಬರುವ ಮೊದಲೇ, ಅಂಕಿ ಬರುವ ಮೊದಲೇ, ಬಾಗಿಲಲ್ಲಿ ನಿಂತವರಿಗೂ ಏನೋ ಸರಿಯಿಲ್ಲ ಎಂದು ಕಾಣುತ್ತಿತ್ತು. ನಾನು ಅಲ್ಲೇ ತೀರ್ಮಾನ ಮಾಡಿದೆ.

ಉಳಿದ ಕಾರಣಗಳೂ ಇದ್ದವು. ಸಯನೈಡ್‌ಗೆ ಬೇಕಾದ ಡಿಸ್ಟಿಲೇಶನ್ ಆ ಸಾಲಿನಲ್ಲೇ ಆಗುತ್ತದೆ, ಗಾಜಿನ ಸೆಟ್ ಕಟ್ಟಿ ಒಂದೊಂದೇ ಕುದಿಸುವ ಕೆಲಸ ತಪ್ಪಿತು. ಕುಡಿಯುವ ನೀರಿನಲ್ಲಿ ಅದರ ಮಿತಿ 0.05 ಮಿ.ಗ್ರಾಂ/ಲೀ, ಅಲ್ಲಿಗೆ ಅದು ಆರಾಮಾಗಿ ಮುಟ್ಟಿತು. ಒಂದೇ ಸಲ ಹಾಕಿದ ಕಪ್‌ನಿಂದ ನೈಟ್ರೇಟ್, ಅಮೋನಿಯ ಎರಡೂ ಪಕ್ಕಪಕ್ಕದ ಸಾಲಿನಲ್ಲಿ ಓಡುತ್ತವೆ. ಬಣ್ಣ ಪೂರ್ತಿ ಬಂದಮೇಲೆ ಓದುವುದರಿಂದ ಲ್ಯಾಬ್‌ನ ಬಿಸಿ ಒಂದೆರಡು ಡಿಗ್ರಿ ಆಚೀಚೆ ಆದರೂ ಅಂಕಿ ಅಷ್ಟು ಅಲ್ಲಾಡುವುದಿಲ್ಲ. ನಮ್ಮ ಎಸಿ ಎಂಥದ್ದು ಎಂದು ನಮಗೆ ಗೊತ್ತಲ್ಲ.

ಸರ್‌ಗೆ ವೇಗದ ಚಿಂತೆ. ಅವರ ಮುಂದೆ ಕಾಗದದಲ್ಲಿ ಬರೆದು ತೋರಿಸಿದೆ. 84 ಕಪ್, ಗಂಟೆಗೆ 40, ಎರಡು ಗಂಟೆ ಚಿಲ್ಲರೆ, ಅದರ ಮೇಲೆ ಮುಕ್ಕಾಲು ಗಂಟೆ. ಎಫ್‌ಐಎ ಆದರೆ ಒಟ್ಟು ಒಂದೂವರೆ ಗಂಟೆಗೂ ಕಡಿಮೆ. ಒಂದೂವರೆ ಗಂಟೆ ಉಳಿಯುತ್ತದೆ, ನಿಜ. ಆದರೆ ಸ್ಯಾಂಪಲ್ ವ್ಯಾನ್ ಬರುವುದೇ ಹನ್ನೊಂದೂವರೆಗೆ, ರಿಪೋರ್ಟ್ ಹೋಗುವುದು ಮಾರನೇ ದಿನ ಸಂಜೆ. ಉಳಿದ ಒಂದೂವರೆ ಗಂಟೆಯಿಂದ ಯಾರಿಗೂ ಒಂದು ರಿಪೋರ್ಟ್ ಬೇಗ ಸಿಗುವುದಿಲ್ಲ. ಸರ್ ಸ್ವಲ್ಪ ಹೊತ್ತು ಕಾಗದ ನೋಡಿ, "ನೀವು ಕೂತ್ಕೊಂಡು ಮಾಡೋರು, ನಿಮಗೆ ಯಾವುದು ನಂಬಿಕೆಯೋ ಅದೇ ಆಗಲಿ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಬಂದ ಮೇಲೆ ಎಲ್ಲ ಸಲೀಸಾಗಿ ಇರಲಿಲ್ಲ. ರೀಏಜೆಂಟ್ ಲೀಟರ್‌ಗಟ್ಟಲೆ ಬೇಕು. ಯಂತ್ರ ಸುಮ್ನೆ ನಿಂತಿದ್ದರೂ ಹರಿಯುತ್ತಲೇ ಇರುತ್ತದೆ, ಆದ್ದರಿಂದ ಹತ್ತು ಸ್ಯಾಂಪಲ್‌ಗೆ ನಾವು ಅದನ್ನು ಆನ್ ಮಾಡುವುದಿಲ್ಲ, ಮಾರನೇ ದಿನದ ಜೊತೆ ಸೇರಿಸುತ್ತೇವೆ. ಅಲ್ಲಿಯವರೆಗೆ ಬಾಟಲಿ ಫ್ರಿಡ್ಜ್‌ನಲ್ಲಿ. ಕ್ಯಾಡ್ಮಿಯಂ ವಿಷ. ಕಾಲಂ ತುಂಬುವಾಗ ಗ್ಲೌಸ್ ಇಲ್ಲದೆ ಯಾರನ್ನೂ ಹತ್ತಿರ ಬಿಡುವುದಿಲ್ಲ, ಕಾಲಂನಿಂದ ಬರುವ ತ್ಯಾಜ್ಯ ಬೇರೆ ಕ್ಯಾನ್‌ಗೆ, ಅದು ಅನುಮತಿ ಇರುವ ವಿಲೇವಾರಿಯವರಿಗೇ ಹೋಗಬೇಕು. ಸಿಂಕ್‌ಗೆ ಒಂದು ಹನಿಯೂ ಇಲ್ಲ. ನೀರು ಪರೀಕ್ಷೆ ಮಾಡುವವರೇ ನೀರು ಕೆಡಿಸಬಾರದು. ಪ್ರತಿದಿನ ಬೆಳಿಗ್ಗೆ ಒಂದೇ ಸಾರಜನಕ ಲೆಕ್ಕದ ಒಂದು ನೈಟ್ರೈಟ್ ಸ್ಟ್ಯಾಂಡರ್ಡ್, ಒಂದು ನೈಟ್ರೇಟ್ ಸ್ಟ್ಯಾಂಡರ್ಡ್ ಓಡಿಸುತ್ತೇವೆ. ಕಾಲಂ ಚೆನ್ನಾಗಿದ್ದರೆ ಎರಡೂ ಪೀಕ್ ಒಂದೇ ಎತ್ತರ. ನೈಟ್ರೇಟ್‌ದು 90 ಪರ್ಸೆಂಟ್‌ಗಿಂತ ಕೆಳಗೆ ಬಂದರೆ ಕಾಲಂ ಬಿಚ್ಚಿ, ತೆಳು ಆಸಿಡ್, ಆಮೇಲೆ ತಾಮ್ರದ ಸಲ್ಫೇಟ್ ಹಾಯಿಸಿ ಮತ್ತೆ ಚುರುಕು ಮಾಡಬೇಕು. ಎಲ್ಲವೂ ಯಂತ್ರಕ್ಕೆ ಹೋಗಲಿಲ್ಲ. ಕುಡಿಯುವ ನೀರಿನ ಫಿನಾಲ್ ಮಿತಿ 0.001 ಮಿ.ಗ್ರಾಂ/ಲೀ, ಅಷ್ಟು ಕಡಿಮೆ. ಅದನ್ನು ನಾವು ಯಂತ್ರಕ್ಕೆ ಕೊಡಲಿಲ್ಲ, ಕ್ಲೋರೋಫಾರ್ಮ್‌ನಲ್ಲಿ ಎಳೆದು ಕೈಯಲ್ಲೇ ಮಾಡುತ್ತೇವೆ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು, ಯಂತ್ರ ಯಾವುದೇ ಇರಲಿ. ಎರಡನೇ ವಾರ ಪ್ರಿಂಟ್‌ನಲ್ಲಿ ಒಂದು ಬೋರ್‌ವೆಲ್‌ಗೆ 11.2 ಬಂತು. ಹೊಸ ಹುಡುಗಿ ಅದನ್ನು ಹಾಗೇ ರಿಪೋರ್ಟ್‌ಗೆ ಹಾಕಿದಳು, ಮಿತಿ 45, ಪಾಸ್. ಸಹಿ ಹಾಕಲು ನನ್ನ ಕೈಗೆ ಬಂದಾಗ ನಿಂತೆ. ಯಂತ್ರ ಕೊಡುವುದು ಸಾರಜನಕದ ಲೆಕ್ಕದಲ್ಲಿ. ಮಿತಿ ಇರುವುದು ನೈಟ್ರೇಟ್ ಲೆಕ್ಕದಲ್ಲಿ. ನಡುವೆ 4.43ರ ಗುಣಾಕಾರ. 11.2 ಅಂದರೆ 49.6, ನೀರು ಫೇಲ್. ಅವಳದ್ದು ತಪ್ಪಲ್ಲ, ಹೇಳಿಕೊಡಬೇಕಾದವಳು ನಾನು ಹೇಳಿರಲಿಲ್ಲ. ಅವತ್ತೇ ಸ್ಟ್ಯಾಂಡರ್ಡ್ ಬಾಟಲಿಗಳ ಲೇಬಲ್ ಎಲ್ಲ ಬದಲಿಸಿದೆವು, ಸಾಫ್ಟ್‌ವೇರ್‌ನಲ್ಲೇ ನೈಟ್ರೇಟ್ ಲೆಕ್ಕಕ್ಕೆ ತಂದೆವು. ನಿಮ್ಮ ಯಂತ್ರ ಬಂದ ಮೊದಲ ದಿನವೇ ಇದನ್ನು ನೋಡಿಕೊಳ್ಳಿ, ದಯವಿಟ್ಟು.

ಹಳೇ ವಿಧಾನ ಒಮ್ಮೆಗೇ ಬಿಡಲಿಲ್ಲ. ಮೂವತ್ತು ಸ್ಯಾಂಪಲ್ ಎರಡೂ ರೀತಿಯಲ್ಲಿ ಮಾಡಿದೆವು. ಕಡಿಮೆ ಮಟ್ಟದ ಒಂದು ಸ್ಪೈಕ್ ಏಳು ಸಲ ಓಡಿಸಿ, ಅದರ ಏರುಪೇರಿನ ಅಂಕಿಗೆ 3.143 ಗುಣಿಸಿ, ಎಷ್ಟು ಕಡಿಮೆ ಇದ್ದರೂ ಹಿಡಿಯಬಹುದು ಎಂದು ಕಂಡುಕೊಂಡೆವು. ಕ್ಲೋರೈಡ್ ಜಾಸ್ತಿ ಇದ್ದ ನಾಲ್ಕು ನೀರಿನಲ್ಲಿ ಮಾತ್ರ ಎರಡು ವಿಧಾನ ಒಪ್ಪಲಿಲ್ಲ. ನಾಲ್ಕರಲ್ಲೂ ಬಟ್ಟಲಿನದೇ ಕಡಿಮೆ.

ಮೊನ್ನೆ ಜೂನ್‌ನಲ್ಲಿ ನಾನು ಆಫೀಸ್ ರೂಮಿನಲ್ಲಿ ಸಹಿ ಹಾಕುತ್ತ ಕೂತಿದ್ದೆ. ಆ ಹುಡುಗಿಯೇ ಬಾಗಿಲಿಗೆ ಬಂದು, "ಮೇಡಂ, ನೈಟ್ರೇಟ್ ಲೈನಲ್ಲಿ ಗುಳ್ಳೆ ಉದ್ದ ಆಗ್ತಿದೆ, ನಾನು ನಿಲ್ಲಿಸಿದ್ದೀನಿ" ಅಂದಳು. ಕಂಪ್ಯೂಟರ್ ಪರದೆಯಲ್ಲಿ ಪೀಕ್‌ಗಳು ನೋಡಲು ಸರಿಯಾಗಿಯೇ ಇದ್ದವು, ಚೆಕ್ ಸ್ಟ್ಯಾಂಡರ್ಡ್ ಬರಲು ಇನ್ನೂ ಆರು ಕಪ್ ಇತ್ತು. ಬಫರ್‌ನ ಪಂಪ್ ಟ್ಯೂಬ್ ತೆಗೆದು ಬೆಳಕಿಗೆ ಹಿಡಿದೆವು. ರೋಲರ್ ಒತ್ತಿ ಒತ್ತಿ ಒಂದು ಕಡೆ ಚಪ್ಪಟೆಯಾಗಿತ್ತು. ಹೊಸ ಟ್ಯೂಬ್ ಹಾಕಿ, ಬೇಸ್‌ಲೈನ್ ನಿಲ್ಲುವವರೆಗೆ ಕಾದು, ಹಿಂದಿನ ಸರಿಯಾದ ಚೆಕ್‌ನಿಂದ ಈಚೆಗಿನ ಕಪ್‌ಗಳನ್ನೆಲ್ಲ ಅವಳೇ ಮತ್ತೆ ಓಡಿಸಿದಳು. ಅದರಲ್ಲಿ ಆ ಅಂಗನವಾಡಿಯದೂ ಒಂದಿತ್ತು. ಪಂಚಾಯಿತಿಯವರು ಮಕ್ಕಳಿಗೆ ಈಗ ಬೇರೆ ಕಡೆಯ ನೀರು ಕೊಡುತ್ತಿದ್ದಾರೆ, ಆದರೂ ಹಳೇ ಬೋರ್‌ವೆಲ್ ಹೇಗಿದೆ ಎಂದು ನೋಡಲು ಮೂರು ತಿಂಗಳಿಗೊಮ್ಮೆ ಕಳಿಸುತ್ತಾರೆ. 51 ಬಂತು. ಅವಳು ಸ್ಪೈಕ್ ಹಾಕಿ ಇನ್ನೊಂದು ಸಲ ನೋಡಿ, ಅದೇ ಬಂದಮೇಲೆ ರಿಜಿಸ್ಟರ್‌ನಲ್ಲಿ ಬರೆದಳು.